ಬೆತ್ತ ಮುಟ್ಟಿದ ಹಲಗಿ

ಮೊದಲೇ ಹೇಳಿಬಿಡುತ್ತೇನೆ. ನಾನು ಸರಕಾರ ಬೇಡ ಅನ್ನುವವಳಲ್ಲ. ರಾಜ ಇರಬೇಕು. ಫೌಜು ಇರಬೇಕು. ಕಳ್ಳನನ್ನು ಹಿಡಿದು ಕಟ್ಟುವವರು ಇರಬೇಕು. ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೂ ಒಂದು ರೀತಿ ಇರಬೇಕು. ನಾನು ಹಳೆಯ ರೀತಿಯ ಹೆಂಗಸು. ತಲೆ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಊರವರ ಬಾಯಲ್ಲಿ ಅದು ಬಂದಾಗ ನೀವೇ ತಿಳಿದುಕೊಳ್ಳಿ.

ಆದರೆ ಒಂದು ಮಾತು. ಕೊಟ್ಟ ಮಾತನ್ನು ತಾನೇ ತಿನ್ನುವ ಸರಕಾರ ಸರಕಾರವಲ್ಲ. ಅದು ಯಾವ ಬಾವುಟದ್ದಾದರೂ ಇರಲಿ. ನಾನು ಎರಡು ಸರಕಾರ ನೋಡಿದೆ. ಎರಡೂ ನನ್ನ ಗಂಡ ಡಂಗುರ ಹೊಡೆಯುವ ಹಲಗಿಯಿಂದ ಸುಳ್ಳು ಹೇಳಿಸಿದವು. ಅದಕ್ಕೇ ನನಗೆ ಸಿಟ್ಟು.

ನಮ್ಮೂರು ಹೇಮಗುಡ್ಡದ ಮಗ್ಗುಲಲ್ಲಿದೆ. ಎಲ್ಲಿ ನೋಡಿದರೂ ಬಂಡೆಗಲ್ಲು. ಊರ ಕೊನೆಗೆ ಪಿಂಜಾರರ ನಾಲ್ಕು ಮನೆ, ಅದರಾಚೆ ಹಳ್ಳ, ಹಳ್ಳದಾಚೆ ನಮ್ಮ ಕೇರಿ. ಊರಲ್ಲಿ ದನ ಸತ್ತರೆ ಊರ ಕಡೆಯ ದಂಡೆಗೆ ನಿಂತು ಕೂಗುತ್ತಿದ್ದರು. ನಾವು ಹೋಗಿ ಕಾಲು ಕಟ್ಟಿ, ಬೊಂಬಿಗೆ ಏರಿಸಿ ಹೊತ್ತು ತರುತ್ತಿದ್ದೆವು. ಹೆಗಲು ಸುಲಿಯುತ್ತಿತ್ತು. ತೊಗಲು ಬಿಡಿಸುವುದು, ಸುಣ್ಣದ ನೀರಿಗೆ ಹಾಕುವುದು, ಕೂದಲು ಹೆರೆಯುವುದು, ತಂಗಡಿ ತೊಗಟೆಯ ರಸದಲ್ಲಿ ನೆನೆಸುವುದು. ಮದುವೆಯಾದ ವರುಷ ನನ್ನ ಉಗುರಿನ ಸಂದಿಗೆ ಹೊಕ್ಕ ಸುಣ್ಣ ಇನ್ನೂ ಹೋಗಿಲ್ಲ.

ಹಲಗಿಗೆ ಮಾತ್ರ ನನ್ನ ಗಂಡ ಎಳಗರುವಿನ ತೊಗಲನ್ನೇ ಆರಿಸುತ್ತಿದ್ದ. ಅದನ್ನು ಕಟ್ಟಿಗೆಯ ಬಳೆಗೆ ಅಂಟಿಸಲು ಹುಣಸೆಬೀಜದ ಅಂಟು ಬೇಕು. ಬೀಜ ಬೀಸುವುದು ನನ್ನ ಕೆಲಸ. ಬೀಸುಕಲ್ಲಿನ ಮುಂದೆ ಕೂತು ಎದ್ದರೆ ರಟ್ಟೆ ಎತ್ತಲು ಬರುತ್ತಿರಲಿಲ್ಲ. ಅಷ್ಟು ಮಾಡಿದ ಹಲಗಿಯನ್ನು ನಮ್ಮವರು ಬಿಟ್ಟರೆ ಊರಲ್ಲಿ ಇನ್ನಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮೈಲಿಗೆ. ಆದರೆ ಅದರ ಮಾತನ್ನು ಊರಿಗೆ ಊರೇ ಕೇಳುತ್ತಿತ್ತು.

ನಮ್ಮ ಕೇರಿಯಲ್ಲಿ ಜಗಳವಾದರೆ ಚಾವಡಿಗೆ ಹೋಗುವುದಿಲ್ಲ. ಜೋಳದ ಸೊಪ್ಪೆಯ ಬೆಂಕಿಗೆ ಹಲಗಿ ಕಾಯಿಸಿ ನಡುವೆ ಇಡುತ್ತೇವೆ. ಬಿಸಿ ತೊಗಲಿನ ಮೇಲೆ ಅಂಗೈ ಇಟ್ಟು ಹೇಳಿದರೆ ಅದು ಮುಗಿದ ಮಾತು. ಸುಳ್ಳು ಹೇಳುವವನು ಕೈ ಇಡುವುದಿಲ್ಲ, ಕೈ ಹಿಂದಕ್ಕೆ ಹೋಗುತ್ತದೆ. ಊರಿಗೂ ಅದರ ನಂಬಿಕೆ ಇತ್ತು. ಡಂಗುರ ಹೊಡೆಯದ ಹುಕುಂ ಯಾರಿಗೂ ತಗಲುತ್ತಿರಲಿಲ್ಲ. ಒಂದು ವರುಷ ಗೌಡ ಕೊಟ್ರಪ್ಪ ಕೆರೆ ಕಾಲುವೆಯ ಹೂಳು ತೆಗೆಯಲು ಬಾರದವರಿಗೆ ದಂಡ ಹಾಕಿದ. "ಹಲಗಿ ಸಪ್ಪಳ ಕೇಳಿಲ್ರಿ ಗೌಡ್ರ" ಅಂದರು ಜನ. ಡಂಗುರ ಹೊಡೆಸುವುದನ್ನು ಅವನು ಮರೆತಿದ್ದ. ಹಲ್ಲು ಕಚ್ಚಿಕೊಂಡು ದಂಡ ಬಿಟ್ಟ.

ಮೊದಲನೆಯ ಸುಳ್ಳು ನಿಜಾಮನ ಸರಕಾರದ್ದು. ಅದರ ಕೊನೆಯ ವರುಷ. ಲೇವಿ ಜೋಳ ಎತ್ತಲು ಅಮೀನ ಪೊಲೀಸರ ಸಮೇತ ಬಂದ. ಜನ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ಸುರಿದು ಮೇಲೆ ಮಣ್ಣು ಮುಚ್ಚಿ ಕೂತಿದ್ದರು. ಅಮೀನ ಡಂಗುರ ಹೊಡೆಸಿದ. ಹಗೇವು ತೋರಿಸಿದವರ ಜೋಳದಲ್ಲಿ ಸರಕಾರದ ಪಾಲನ್ನಷ್ಟೇ ಒಯ್ಯುತ್ತಾರೆ, ಉಳಿದದ್ದಕ್ಕೆ ಕೈ ಹಚ್ಚುವುದಿಲ್ಲ ಅಂತ. ನನ್ನ ಗಂಡ ಓಣಿ ಓಣಿ ಸಾರಿದ. ಜನ ತೋರಿಸಿದರು. ಪೊಲೀಸರು ತಳದ ತನಕ ಬಳಿದುಕೊಂಡು ಹೋದರು, ಬೀಜದ ಜೋಳವನ್ನೂ ಬಿಡಲಿಲ್ಲ.

ಕುರಿಗಾರ ದ್ಯಾವಪ್ಪನ ಹಗೇವೂ ಹೋಯಿತು. ಅವನು ಹಳ್ಳದ ದಂಡೆಗೆ ಬಂದು ನಿಂತು ಕೂಗಿದ.

"ಅಮೀನಗ ನಾ ಏನೂ ಅನ್ನಂಗಿಲ್ಲ ಹೊಳಿಯಾ. ಅಂವ ಕಳ್ಳ ಅಂತ ಮೊದಲ ಗೊತ್ತಿತ್ತು. ನಾ ನಿನ್ನ ಹಲಗಿ ಕೇಳಿ ತೋರಿಸಿದೆ."

ನನ್ನ ಗಂಡ ಉಣ್ಣಲಿಲ್ಲ. ಹಲಗಿಯ ತೊಗಲನ್ನು ಕಿತ್ತು ಹಳ್ಳದ ಮಳಲಿನಲ್ಲಿ ಹುಗಿದು ಬಂದ. ನಾನು ಮತ್ತೆ ಹುಣಸೆಬೀಜ ಬೀಸಿದೆ. ಹೊಸ ತೊಗಲು ಬಿಗಿದ ದಿನ ಅವನು ಒಂದು ಮಾತು ಹೇಳಿದ.

"ಇನ್ನ ಮ್ಯಾಲೆ ಯಾರ ಹುಕುಂ ಇದ್ರೂ ಹೇಳಿದಾಂವ ಮೊದಲು ಹಲಗಿ ಮುಟ್ಟಬೇಕು. ಮುಟ್ಟಿದ ಮ್ಯಾಲ ನಾ ಹೊಡಿಯಾಂವ."

"ಯಾರ ಮುಟ್ಟತಾರ ನಿನ್ನ ಹಲಗೀನ?" ಅಂದೆ.

"ಮುಟ್ಟದಿದ್ರ ಬಿಡ್ಲಿ" ಅಂದ.

ಭಾದ್ರಪದದಲ್ಲಿ ಮಿಲ್ಟ್ರಿ ಬಂತು. ನಿಜಾಮನ ಕಡೆಯ ರಜಾಕಾರರು ಓಡಿದರು. ಒಳ್ಳೆಯದೇ ಆಯಿತು. ನಮ್ಮ ಕೇರಿಯ ಆಡುಗಳನ್ನು ಅವರು ಕಣ್ಣ ಮುಂದೆಯೇ ಎಳೆದುಕೊಂಡು ಹೋಗಿದ್ದನ್ನು ನಾನು ಮರೆತಿಲ್ಲ. ಲಾರಿ ಬಂದಾಗ ದಾರಿಯ ಧೂಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಗೌಡ ಕೊಟ್ರಪ್ಪ ಆರತಿ ಹಿಡಿಸಿದ. ಮೊನ್ನೆ ಮೊನ್ನೆಯ ತನಕ ಅಮೀನನ ಮುಂದೆ ಕೆಂಪು ರೂಮಿ ಟೋಪಿ ಹಾಕಿಕೊಂಡು ಬಾಗುತ್ತಿದ್ದವನು ಈಗ ಬಿಳಿ ಟೋಪಿ ಹಾಕಿಕೊಂಡು ಬಾಗಿದ. ತಲೆ ಮಾತ್ರ ಅದೇ.

ಓಡಿಸಬೇಕಾದವರನ್ನು ಓಡಿಸಿದ ಮೇಲೆ ಫೌಜು ತನ್ನ ಜಾಗಕ್ಕೆ ಹೋಗಬೇಕಿತ್ತು. ದೇಶದ ಅಂಚು ಕಾಯುವುದು ಫೌಜಿನ ಕೆಲಸ. ಊರ ನಡುವೆ ಕ್ಯಾಂಪು ಹಾಕಿಕೊಂಡು, ಇವನು ಒಳ್ಳೆಯವನೋ ಅವನು ಕೆಟ್ಟವನೋ ಅಂತ ಗೌಡನನ್ನು ಕೇಳಿ ತೀರ್ಪು ಕೊಡುವುದಲ್ಲ. ಊರಿಗೆ ಊರಿನದೇ ಹಿರಿಯರಿದ್ದಾರೆ, ಪಂಚರಿದ್ದಾರೆ. ಬಂದೂಕು ಹಿಡಿದವನು ನ್ಯಾಯಕ್ಕೆ ಕೂತರೆ ಅದು ಎಂಥ ನ್ಯಾಯ? ಈ ಮಾತನ್ನು ಆಡಿದರೆ ಬಿಳಿ ಟೋಪಿಯವರು ನನ್ನನ್ನು ರಜಾಕಾರರ ಕಡೆಯವಳು ಅನ್ನುತ್ತಾರೆ. ಅನ್ನಲಿ. ನಮ್ಮ ಆಡು ಹೋದ ದಿನ ಇವರಲ್ಲಿ ಒಬ್ಬನಾದರೂ ಬಾಗಿಲು ತೆಗೆದು ಹೊರಗೆ ಬಂದಿದ್ದನೇ?

ಕ್ಯಾಂಪಿಗೆ ಕಟ್ಟಿಗೆ ಕಡಿಯುವುದು ನಾವು. ಮುಳ್ಳು ಸವರಿ ನೆಲ ಹಸನು ಮಾಡುವುದು ನಾವು. ಕುಣಿ ತೋಡುವುದು ನಾವು, ಅವರು ಕೂತು ಎದ್ದ ಮೇಲೆ ಮಣ್ಣು ಮುಚ್ಚುವುದೂ ನಾವು. ಕೂಲಿ ಕೇಳಿದರೆ ಗೌಡ ನಕ್ಕ.

"ಸ್ವಾತಂತ್ರ್ಯ ಬಂದೈತಲೇ. ಇದು ದೇಶಸೇವಾ."

ನಿಜಾಮನ ಕಾಲದಲ್ಲಿ ಇದನ್ನೇ ಬಿಟ್ಟಿ ಚಾಕರಿ ಅನ್ನುತ್ತಿದ್ದರು. ಅಂಗೈಯ ಬೊಬ್ಬೆ ಆಗಲೂ ಅಷ್ಟೇ ಇತ್ತು, ಈಗಲೂ ಅಷ್ಟೇ.

ಪಿಂಜಾರರ ಹೈದರಸಾಬನ ಮಾತಿಗೆ ಬರುತ್ತೇನೆ. ಅವನು ಹತ್ತಿ ಎಕ್ಕಿ ಗಾದಿ ತುಂಬುವವನು. ಅವನ ಹತ್ತಿಯ ಬಿಲ್ಲಿಗೆ ಕಟ್ಟುವ ನರವನ್ನು ನನ್ನ ಗಂಡನೇ ಹದ ಮಾಡಿ ಕೊಡುತ್ತಿದ್ದ. ಅವನು ನಮಗೆ ಉಳಿದ ಹತ್ತಿ ಕೊಡುತ್ತಿದ್ದ. ನಮ್ಮ ಕೌದಿಗಳೆಲ್ಲ ಅವನ ಹತ್ತಿಯವೇ. ರಜಾಕಾರರು ತಮ್ಮ ಜೊತೆ ಬಾ ಅಂದಾಗ ಅವನು ಕಾಲುನೋವು ಅಂತ ಹೇಳಿ ಮನೆಯೊಳಗೆ ಮಲಗಿದ್ದ. ಊರಿಗೆಲ್ಲ ಗೊತ್ತು. ಆದರೆ ಕೆರೆಯ ಬದಿಗೆ ಅವನದೊಂದು ಹೊಲದ ತುಂಡಿತ್ತು. ಗೌಡನ ಗದ್ದೆಗೆ ತಾಗಿಕೊಂಡಿತ್ತು. ಗೌಡನಿಗೆ ಬಹಳ ದಿನದಿಂದ ಅದರ ಮೇಲೆ ಕಣ್ಣು.

ಊರಲ್ಲಿ ರಜಾಕಾರರು ಯಾರು ಯಾರು ಅಂತ ಕ್ಯಾಂಪಿನ ಸಾಹೇಬ ಕೇಳಿದಾಗ ಗೌಡ ಪಿಂಜಾರರ ಓಣಿಯ ಕಡೆಗೆ ಗದ್ದ ಎತ್ತಿ ತೋರಿಸಿದ. ಅಷ್ಟೇ. ಸಿಪಾಯಿಗಳು ಹೋಗುವಷ್ಟರಲ್ಲಿ ಹೈದರಸಾಬ, ಅವನ ದೊಡ್ಡ ಮಗ ಫಕ್ರುದ್ದೀನ, ಇನ್ನೂ ಕೆಲವು ಗಂಡಸರು ಗುಡ್ಡ ಸೇರಿದ್ದರು. ಬಂಡೆಗಳ ಸಂದಿಯ ಗವಿಗಳಲ್ಲಿ ಹುಡುಕುವುದು ಹೊರಗಿನವರ ಕೈಲಿ ಆಗುವ ಕೆಲಸವಲ್ಲ. ಹೈದರಸಾಬನ ಹೆಂಡತಿ ಅಬೇದಾಬಿ ಸೌದೆಯ ನೆಪ ಮಾಡಿ ಗುಡ್ಡ ಹತ್ತಿ ರೊಟ್ಟಿ ಕೊಟ್ಟು ಬರುತ್ತಿದ್ದಳು.

ಹುಡುಕಿ ಸುಸ್ತಾದ ಸಾಹೇಬ ನನ್ನ ಗಂಡನನ್ನು ಕರೆಸಿದ. ಗುಡ್ಡದ ಬುಡಕ್ಕೆ ಹೋಗಿ ಸಾರಬೇಕು. ಇಳಿದು ಬಂದವರನ್ನು ಯಾರೂ ಮುಟ್ಟುವುದಿಲ್ಲ, ವಿಚಾರಣೆ ಮಾಡಿ ಮನೆಗೆ ಕಳಿಸುತ್ತಾರೆ. ಸಾಹೇಬ ಹಿಂದೂಸ್ತಾನಿಯಲ್ಲಿ ಹೇಳಿದ, ಗೌಡ ಕನ್ನಡಕ್ಕೆ ತಿರುವಿದ. ನಾನು ಹಲಗಿ ಕಾಯಿಸಲು ಸೊಪ್ಪೆಯ ಸಿವುಡು ಹೊತ್ತು ಹಿಂದೆ ನಿಂತಿದ್ದೆ.

ನನ್ನ ಗಂಡ ಕೈ ಮುಗಿದ. "ಸಾಹೇಬ್ರ, ಈ ಮಾತು ಖರೇನರಿ?"

"ಫೌಜಿನ ಜಬಾನ್ ಇದು ಅಂತಾರಲೇ" ಅಂದ ಗೌಡ. "ಜಬಾನ್ ಅಂದ್ರ ಮಾತು. ಫೌಜಿನವ್ರು ಮಾತು ತಪ್ಪತಾರೇನು?"

"ತಪ್ಪಂಗಿಲ್ರಿ. ಆದ್ರ ನಮ್ಮದೊಂದು ಪದ್ಧತಿ ಐತ್ರಿ. ಸಾಹೇಬ್ರು ಹಲಗಿ ಮುಟ್ಟಿ ಹೇಳಬೇಕ್ರಿ."

ಗೌಡನ ಮುಖ ಕಪ್ಪಾಯಿತು. ಸಾಹೇಬ ಏನು ಅಂತ ಕೇಳಿದ. ಗೌಡ ಏನೋ ಹೇಳಿದ. ಸಾಹೇಬ ನಕ್ಕು, ಕೈಯಲ್ಲಿದ್ದ ಬೆತ್ತದಿಂದ ಹಲಗಿಯನ್ನು ಟಪ್ ಟಪ್ ಅಂತ ಬಡಿದ. ಸಿಪಾಯಿಗಳೂ ನಕ್ಕರು.

ನನ್ನ ಗಂಡನ ಕಣ್ಣಲ್ಲಿ ನೀರು ಬಂತು. ಅಷ್ಟು ದೊಡ್ಡ ಮನುಷ್ಯ, ಸೊಂಟದಲ್ಲಿ ಪಿಸ್ತೂಲು ಇದ್ದವನು, ನಮ್ಮ ಹಲಗಿಯ ಮೇಲೆ ಆಣೆ ಇಟ್ಟ ಅಂತ ಅವನು ತಿಳಿದ. ನಾನೂ ಹಾಗೇ ತಿಳಿದೆ.

ಗುಡ್ಡದ ಬುಡದಲ್ಲಿ ನಾನು ಬೆಂಕಿ ಹಚ್ಚಿದೆ. ಅವನು ಹಲಗಿ ಕಾಯಿಸಿ ಹೊಡೆದ. ಬಂಡೆಗಳಿಗೆ ಬಡಿದು ಸಪ್ಪಳ ತಿರುಗಿ ಬಂತು. "ಕೇಳ್ರಪ್ಪೋ, ಗುಡ್ಡದಾಗಿರೋ ಮಂದಿ ಕೇಳ್ರಿ" ಅಂತ ಸಾರಿದ. ಗಂಟಲು ಬಿದ್ದುಹೋಗುವ ತನಕ ಸಾರಿದ. ಕೊನೆಗೆ ಮೇಲಿನ ಬಂಡೆಯ ಹಿಂದಿನಿಂದ ದನಿ ಬಂತು.

"ಹೊಳಿಯಪ್ಪಾ, ಇದು ಯಾರ ಮಾತು?"

"ಸಾಹೇಬ್ರ ಮಾತು ಹೈದರಣ್ಣಾ. ಹಲಗಿ ಮುಟ್ಯಾರ."

"ಮುಟ್ಯಾರ?"

"ನನ್ನ ಕಣ್ಣಾರೆ ನೋಡೀನಿ. ಬಾ."

ಹೈದರಸಾಬ ಒಬ್ಬನೇ ಇಳಿದು ಬಂದ. ಪಾದಕ್ಕೆಲ್ಲ ಮುಳ್ಳು. ಹೆಗಲ ಮೇಲೆ ಹತ್ತಿಯ ಬಿಲ್ಲು. ಓಡುವಾಗಲೂ ಅದನ್ನು ಬಿಟ್ಟು ಹೋಗಿರಲಿಲ್ಲ. ನನ್ನನ್ನು ನೋಡಿ, "ನೀರು ಅದಾವೇನು ಹುಲಿಗವ್ವಾ?" ಅಂದ. ನಾನು ಚರಿಗೆ ಎತ್ತಿದೆ. ಅವನು ಬೊಗಸೆ ಒಡ್ಡಿದ. ನೀರು ಬಾಯಿಗೆ ಹೋಗುವ ಮೊದಲೇ ಸಿಪಾಯಿಗಳು ಬಂಡೆಯ ಮರೆಯಿಂದ ಬಂದು ಬಿದ್ದರು.

ಬಂದೂಕಿನ ಹಿಡಿಯಿಂದ ಹೊಡೆದರು. ಬೂಟುಗಾಲಿನಿಂದ ಒದ್ದರು. ಹತ್ತಿಯ ಬಿಲ್ಲನ್ನು ಅವನ ಬೆನ್ನಿನ ಮೇಲೆಯೇ ಮುರಿದರು. ನನ್ನ ಗಂಡ ನಡುವೆ ನುಗ್ಗಿದ. "ಮಾತು ಕೊಟ್ಟೀರಿ ಸಾಹೇಬ್ರ! ಹಲಗಿ ಮುಟ್ಟೀರಿ!" ಒಬ್ಬ ಸಿಪಾಯಿ ಅವನ ಎದೆಗೆ ಬಂದೂಕಿನ ಹಿಡಿ ಇಟ್ಟು ದಬ್ಬಿದ. ಸಾಹೇಬ ಇತ್ತ ತಿರುಗಿಯೂ ನೋಡಲಿಲ್ಲ. ಹೈದರಸಾಬನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಲಾರಿಗೆ ಎತ್ತಿ ಹಾಕಿದರು. ಆಗ ಉಸಿರಿತ್ತು. ಬಾಯಿಂದ ರಕ್ತ ಬರುತ್ತಿತ್ತು.

ಕೇರಿಗೆ ಬಂದ ಮೇಲೆ ನಮ್ಮ ಹಿರಿಯ ಆದೆಪ್ಪ ಎಲ್ಲವನ್ನೂ ಕೇಳಿಸಿಕೊಂಡ.

"ಕೈ ಇಟ್ಟನೇನು?" ಅಂದ.

"ಬೆತ್ತ ಮುಟ್ಟಿಸಿದ" ಅಂದ ನನ್ನ ಗಂಡ.

"ಬೆತ್ತಕ್ಕ ಏನ್ ಗೊತ್ತಲೇ? ಅದು ಕಟ್ಟಿಗಿ."

ಆದೆಪ್ಪ ಎದ್ದು ಹೋದ. ನನ್ನ ಗಂಡ ಮೊಣಕಾಲ ಮೇಲೆ ತಲೆ ಇಟ್ಟುಕೊಂಡು ಕೂತ. ತಪ್ಪು ಅವನೊಬ್ಬನದೇ ಅಲ್ಲ. ನಾನೂ ಅಲ್ಲೇ ನಿಂತಿದ್ದೆನಲ್ಲ? ನನಗೂ ಬೆತ್ತ ಕೈಯಂತೆಯೇ ಕಂಡಿತ್ತಲ್ಲ?

ಮರುದಿನ ಬೆಳಿಗ್ಗೆ ಅಬೇದಾಬಿ ಹಳ್ಳ ದಾಟಿ ನಮ್ಮ ಗುಡಿಸಿಲಿಗೆ ಬಂದಳು. ಒಲೆಯ ಮುಂದೆ ಕೂತಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಬದುಕ್ಯಾರೇನು?" ಅಂದಳು.

"ಲಾರಿಗೆ ಹಾಕುವಾಗ ಉಸಿರಿತ್ತವ್ವಾ" ಅಂದೆ.

ಅವಳು ಒಲೆಯ ಕೊಳ್ಳಿಯನ್ನು ಒಳಗೆ ನೂಕಿ ಹೇಳಿದಳು. "ಗುಡ್ಡದ ಸುತ್ತ ಕಾವಲು ಹಾಕ್ಯಾರಕ್ಕಾ. ನನ್ನ ಹತ್ತಗೊಡವಲ್ರು. ಫಕ್ರು ಆಚಿ ಬದಿ ಗವ್ಯಾಗ ಅದಾನ. ಅಪ್ಪನ್ನ ಹೊಡದದ್ದು ಅವನಿಗೆ ಕಂಡಿರಂಗಿಲ್ಲ. ಅವನ ಅಪ್ಪ ಮೊದಲ ಎಲ್ಲಾರಿಗೂ ಹೇಳಿದ್ರು, ಇಳಿಯೂದಾದ್ರ ನಾ ಒಬ್ಬನ ಮೊದಲು ಇಳೀತೀನಿ, ಎರಡನೇ ಸಲ ಹಲಗಿ ಸಪ್ಪಳ ಬಂದ್ರ ನಾ ಛಲೋ ಅದೀನಿ ಅಂತ ತಿಳದು ನೀವೂ ಇಳೀರಿ ಅಂತ. ನಾನೂ ಅಲ್ಲೇ ಇದ್ದೆ." ನನ್ನ ಗಂಡನ ಕಡೆ ತಿರುಗಿದಳು. "ಹೊಳಿಯಣ್ಣಾ, ಇನ್ನೊಮ್ಮೆ ನಿನ್ನ ಹಲಗಿ ಕೇಳಿದ್ರ ನನ್ನ ಮಗ ಇಳದು ಬರ್ತಾನ."

ಅಷ್ಟು ಹೇಳಿ ಎದ್ದು ಹೋದಳು. ನನ್ನ ಗಂಡ ಹಲಗಿಯ ಕಡೆ ನೋಡಿದ.

ಅವತ್ತು ಮಧ್ಯಾಹ್ನವೇ ಕ್ಯಾಂಪಿನಿಂದ ಕರೆ ಬಂತು. ಮರುದಿನ ದೊಡ್ಡ ಸಾಹೇಬರು ಊರು ನೋಡಲು ಬರುವವರಿದ್ದರು. ಅವರ ಮುಂದೆ ನಿಲ್ಲಿಸಲು ಕ್ಯಾಂಪಿನ ಸಾಹೇಬನಿಗೆ ಹಿಡಿದ ಮಂದಿ ಬೇಕಿತ್ತು. ಚಾವಡಿಯ ಮುಂದಿನ ಅಂಗಳವನ್ನು ಗೌಡ ಸಾರಿಸಿ ರಂಗೋಲಿ ಹಾಕಿಸುತ್ತಿದ್ದ. ಬಾವುಟದ ಕಂಬ ನೆಟ್ಟಿದ್ದರು. ಅದರ ಗುಂಡಿ ತೋಡಿದವರೂ ನಾವೇ. ಊರ ಮಂದಿ ಸುತ್ತ ನಿಂತಿತ್ತು. ದ್ಯಾವಪ್ಪನಿದ್ದ. ಗೋಡೆಯ ಮೂಲೆಗೆ ಅಬೇದಾಬಿ ಇದ್ದಳು.

"ಲೇ ಹೊಳಿಯಾ, ಮತ್ತ ಗುಡ್ಡಕ್ಕ ನಡಿ. ಅದ ಡಂಗುರ" ಅಂದ ಗೌಡ.

"ಆತ್ರಿ" ಅಂದ ನನ್ನ ಗಂಡ. ಅವನು ನನ್ನ ಕಡೆ ತಿರುಗಿ, "ಬೆಂಕಿ ಹಚ್ಚು" ಅಂದ. ಅಂಗಳದ ಅಂಚಿನಲ್ಲಿ ಹಚ್ಚಿದೆ. ಅವನು ಹಲಗಿಯನ್ನು ತಿರುವಿ ತಿರುವಿ ಕಾಯಿಸಿದ. ಎದ್ದು ಬಂದು, ರಂಗೋಲಿ ದಾಟಿ, ಸಾರಿಸಿದ ಅಂಗಳದ ನಟ್ಟನಡುವೆ ಹಲಗಿಯನ್ನು ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಕೈ ಇಡ್ರಿ" ಅಂದ.

"ಏನಂದಿ?" ಅಂದ ಗೌಡ.

"ಹ್ವಾದ ಸಲ ಸಾಹೇಬ್ರು ಬೆತ್ತ ಇಟ್ರು. ನಾ ಅದನ್ನ ಕೈ ಅಂತ ತಿಳಕೊಂಡೆ. ಈ ಸಲ ಕೈ ಇಟ್ಟು ಹೇಳ್ರಿ. ನಾ ಹೊಡೀತೀನಿ."

"ಸಾರಿಸಿದ ನೆಲ ಮೈಲಿಗಿ ಮಾಡಿದೆಲ್ಲಲೇ, ಬೇವರ್ಸಿ!"

"ಕೈ ಇಡ್ರಿ ಗೌಡ್ರ. ಹುಕುಂ ತಿರುವಿ ಹೇಳಿದವ್ರು ನೀವ. ನೀವ ಇಡ್ರಿ."

ಮಂದಿಯಲ್ಲಿ ದ್ಯಾವಪ್ಪ ನಕ್ಕಿದ್ದು ಕೇಳಿಸಿತು. ಸಾಹೇಬನಿಗೆ ಏನೂ ತಿಳಿಯಲಿಲ್ಲ, ಏನಿದು ಅಂತ ಗದರಿದ. ಗೌಡ ತೊದಲಿದ. ಸಾಹೇಬನಿಗೆ ರೇಗಿತು. ಮುಟ್ಟುವುದಷ್ಟೇ ತಾನೇ, ಮುಟ್ಟಿ ಮುಗಿಸು ಅಂತ ಗೌಡನಿಗೆ ಹೇಳಿರಬೇಕು. ಗೌಡ ಹಿಂದಕ್ಕೆ ಸರಿದ. ಆ ಮನುಷ್ಯ ರೂಮಿ ಟೋಪಿ ಹಾಕಿಕೊಂಡ, ಬಿಳಿ ಟೋಪಿ ಹಾಕಿಕೊಂಡ, ಅಮೀನನ ಕಾಲು ಹಿಡಿದ, ಸಾಹೇಬನ ಕಾಲು ಹಿಡಿದ. ಒಂದು ತುಂಡು ತೊಗಲು ಮುಟ್ಟಲು ಅವನಿಂದ ಆಗಲಿಲ್ಲ.

ಸಾಹೇಬ ಬೇರೆ ಸೀಮೆಯವನು. ಅವನಿಗೆ ಮೈಲಿಗೆಯ ಗೊಡವೆ ಇರಲಿಲ್ಲ. ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೇ ಬಗ್ಗಿದ. ಬಲಗೈ ಚಾಚಿದ. ನಾನು ಕಣ್ಣು ಮುಚ್ಚಿದೆ. ಕೈ ಇಟ್ಟುಬಿಟ್ಟರೆ ಮುಗಿಯಿತು. ನನ್ನ ಗಂಡ ಹೊಡೆಯಲೇಬೇಕು, ಫಕ್ರುದ್ದೀನ ಇಳಿಯಲೇಬೇಕು.

ಆಗ ನನ್ನ ಗಂಡ ಗೌಡನ ಬಾಯಿಗೆ ಕಾಯದೆ ತನಗೆ ಬಂದಷ್ಟು ಹಿಂದೂಸ್ತಾನಿಯಲ್ಲಿ ತಾನೇ ಹೇಳಿದ. "ಹೈದರ್‌ಸಾಬ್ ಜಿಂದಾ ಹೈ ಬೋಲೊ ಸಾಬ್. ಹಾಥ್ ರಖ್‌ಕೆ ಬೋಲೊ." ಆಮೇಲೆ ನಮಗೆಲ್ಲ ತಿಳಿಯಲಿ ಅಂತ ಕನ್ನಡದಲ್ಲಿ ಅಂದ. "ಹೈದರಸ್ಯಾಬ ಬದುಕ್ಯಾನ ಅಂತ ಕೈ ಇಟ್ಟು ಹೇಳ್ರಿ. ಅಷ್ಟ ಸಾಕು."

ನಾನು ಕಣ್ಣು ತೆಗೆದೆ. ಸಾಹೇಬನ ಕೈ ತೊಗಲಿನ ಮೇಲೆ ಗೇಣು ದೂರದಲ್ಲಿ ನಿಂತಿತ್ತು. ಕೆಳಗಿಳಿಯಲಿಲ್ಲ. ಅವನಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ, ನಮ್ಮ ಭಾಷೆ ಗೊತ್ತಿರಲಿಲ್ಲ. ಆದರೂ ಇಳಿಯಲಿಲ್ಲ. ಆಮೇಲೆ ಆ ಕೈ ಹಿಂದಕ್ಕೆ ಹೋಯಿತು.

ಗೋಡೆಯ ಮೂಲೆಯಲ್ಲಿ ಅಬೇದಾಬಿ ಹಾಗೇ ಕುಸಿದು ಕೂತಳು. ಕೈಬಳೆಗಳನ್ನು ನೆಲಕ್ಕೆ ಬಡಿದಳು. ಗಂಡ ಸತ್ತ ಸುದ್ದಿ ಅವಳಿಗೆ ಮುಟ್ಟಿದ್ದು ಹೀಗೆ. ಸರಕಾರದ ಮಂದಿ ಯಾರೂ ಬಂದು ಹೇಳಲಿಲ್ಲ.

"ಹಂಗಾರ ನಾ ಹೊಡಿಯಂಗಿಲ್ಲ" ಅಂದ ನನ್ನ ಗಂಡ. ದನಿ ಏರಿಸಲಿಲ್ಲ. "ಕೊಲ್ರಿ ಬೇಕಾದ್ರ. ಹೊಡಿಯಂಗಿಲ್ಲ."

ಸಿಪಾಯಿಗಳು ಅವನನ್ನು ಕೆಡವಿದರು. ಹಲಗಿ ಹೊಡೆಯುವ ಕೈಯನ್ನೇ ನೋಡಿ ಬೂಟಿನಿಂದ ತುಳಿದರು. ನಾನು ಅವನ ಮೇಲೆ ಬಿದ್ದೆ. ನನ್ನ ಕೂದಲು ಹಿಡಿದು ಎಳೆದು ಬಿಸಾಡಿದರು. ತಲೆಯ ಮೇಲಿನ ಸೆರಗು ಅವತ್ತು ಜಾರಿತು. ನಾನು ಬಿಟ್ಟದ್ದಲ್ಲ, ಅವರು ಎಳೆದದ್ದು. ಅವನನ್ನು ಲಾರಿಗೆ ಎತ್ತಿ ಹಾಕಿದರು. ಲಾರಿ ಗಂಗಾವತಿಯ ದಾರಿ ಹಿಡಿಯಿತು.

ಗೌಡ ಹಳ್ಳದ ದಂಡೆಗೆ ಹೋಗಿ ನಮ್ಮ ಕೇರಿಯನ್ನು ಕೂಗಿದನಂತೆ. ಯಾರಾದರೂ ಹಲಗಿ ತರ್ರಲೇ ಅಂತ.

"ತೊಗಲು ಹಸೇವು ಅದಾವ್ರಿ, ಬಿಗದಿಲ್ಲ" ಅಂದನಂತೆ ಆದೆಪ್ಪ.

"ಎಲ್ಲಾರವೂ ಹಸೇವೇನಲೇ?"

"ಎಲ್ಲಾರವೂರಿ."

ಕೊನೆಗೆ ಸಿಪಾಯಿಗಳು ಎಣ್ಣೆಡಬ್ಬಿ ಬಡಿಯುತ್ತ ಗುಡ್ಡದ ಬುಡದಲ್ಲಿ ಕೂಗಿದರು. ಒಂದು ನರಪಿಳ್ಳೆಯೂ ಇಳಿಯಲಿಲ್ಲ. ಡಬ್ಬಿಯ ಸಪ್ಪಳಕ್ಕೆ ಫಕ್ರುದ್ದೀನ ಯಾಕೆ ಇಳಿದಾನು? ಮರುದಿನ ದೊಡ್ಡ ಸಾಹೇಬರ ಬಂದೋಬಸ್ತಿಗೆ ಅಂತ ಗುಡ್ಡದ ಕಾವಲನ್ನೂ ಊರೊಳಗೆ ಕರೆದರು. ಅದೇ ಹೊತ್ತಿಗೆ ಗವಿಯಲ್ಲಿದ್ದವರು ಹಿಂಬದಿಯಿಂದ ಇಳಿದು ಹೋದರು. ವಿರೂಪಾಪುರಗಡ್ಡೆಯ ಹತ್ತಿರ ಹರಗೋಲು ಹತ್ತಿ ಹೊಳೆಯ ಆಚೆ ದಂಡೆ ಸೇರಿದರು ಅಂತ ನಮಗೆ ಆಮೇಲೆ ತಿಳಿಯಿತು.

ಹಲಗಿ ಮಾತ್ರ ಅಂಗಳದ ನಡುವೆ ಇದ್ದಲ್ಲೇ ಇತ್ತು. ಅದನ್ನು ಎತ್ತುವವರಿಲ್ಲ. ನಮ್ಮವರನ್ನು ಬಿಟ್ಟು ಊರಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ನಮ್ಮವರು ಯಾರೂ ಬರಲಿಲ್ಲ. ನಾನು ಚಾವಡಿಯ ಎದುರಿನ ಬೇವಿನ ಮರದ ಬುಡದಲ್ಲಿ ಕೂತಿದ್ದೆ. ಏಳಲಿಲ್ಲ.

ದೊಡ್ಡ ಸಾಹೇಬರು ಬರುವ ದಿನ ಬೆಳಿಗ್ಗೆ ಗೌಡ ಬಂದ. ಮೊದಲು ಜಬರಿಸಿದ.

"ಎತ್ತಲೇ ಅದನ್ನ."

ನಾನು ಬೇವಿನ ಬೊಡ್ಡೆಗೆ ಒರಗಿದೆ.

"ಎತ್ತಬೇ ಹುಲಿಗೀ. ದೊಡ್ಡ ಸಾಹೇಬ್ರು ಬರೋ ಹೊತ್ತಾತು. ಬಾವುಟದ ಮುಂದ ಹೊಲಸ ಬಿದ್ದೈತಿ."

"ನೀವ ಎತ್ತರಿ."

"ಕಾಲಿಗೆ ಬೀಳ್ಲೇನ ನಿನ್ನ? ಊರ ಮರ್ಯಾದಿ ಪ್ರಶ್ನಿ ಐತಿ ತಾಯಿ. ಎತ್ತವ್ವಾ."

ತಾಯಿ ಅಂದ. ನನ್ನ ನೆರಳು ಬಿದ್ದರೆ ಸ್ನಾನ ಮಾಡುತ್ತಿದ್ದವನು ತಾಯಿ ಅಂದ.

"ಇಟ್ಟಾಂವ ಲಾರ್ಯಾಗ ಹೋಗ್ಯಾನರಿ ಗೌಡ್ರ. ಕರಕೊಂಡು ಬರ್ರಿ, ಅಂವ ಎತ್ತತಾನ."

ಗೌಡ ತಳವಾರನನ್ನು ಕರೆದ. ತಳವಾರ ಕೈ ಹಿಂದೆ ಕಟ್ಟಿಕೊಂಡ. ಸಿಪಾಯಿಗಳಿಗೆ ಹೇಳಿದ. ಒಬ್ಬ ಮುಂದೆ ಬಂದು, ಊರವರ ಮುಖ ನೋಡಿ, ಏನೋ ಕೇಳಿ ತಿಳಿದುಕೊಂಡು, ಹಿಂದಕ್ಕೆ ಹೋದ. ಬೊಂಬಿನಿಂದ ನೂಕೋಣ ಅಂದರು. ಅಷ್ಟರಲ್ಲಿ ಧೂಳೆದ್ದಿತು.

ಜೀಪು ಬಂದು ಹಲಗಿಯ ಮುಂದೆ ನಿಂತಿತು. ದೊಡ್ಡ ಸಾಹೇಬರು ಕೆಳಗಿಳಿದರು. ವಯಸ್ಸಾದವರು, ನೆರೆತ ಮೀಸೆ. ಹಲಗಿಯನ್ನು ನೋಡಿದರು, ಬಾವುಟದ ಕಂಬವನ್ನು ನೋಡಿದರು. ಜೊತೆಯಲ್ಲಿ ಬಂದಿದ್ದ ಕನ್ನಡದ ಗುಮಾಸ್ತನನ್ನು ಏನೋ ಕೇಳಿದರು. ಗುಮಾಸ್ತ ಜನರ ಕಡೆ ತಿರುಗಿದ.

"ಯಾರದಿದು ಅಂತ ಕೇಳ್ತಾರ ಸಾಹೇಬ್ರು."

ಗೌಡ ನೆಲ ನೋಡಿದ. ಕ್ಯಾಂಪಿನ ಸಾಹೇಬ ಬೆತ್ತವನ್ನು ತೊಡೆಗೆ ಒತ್ತಿಕೊಂಡ. ಊರಿಗೆ ಊರೇ ನನ್ನ ಕಡೆ ನೋಡಿತು. ನಾನು ಬೇವಿನ ಬುಡದಿಂದ ಎದ್ದೆ. ಸೆರಗು ಸರಿ ಮಾಡಿಕೊಂಡೆ. ದೊಡ್ಡವರ ಮುಂದೆ ಹೇಗೆ ಮಾತಾಡಬೇಕೋ ಹಾಗೆ ಕೈ ಮುಗಿದೇ ಹೇಳಿದೆ.

"ಸರಕಾರದ್ದ್ರೀ ಯಪ್ಪಾ. ಸುಳ್ಳು ಹೇಳಾಕ ಇಟಗೊಂಡಿದ್ರು. ಎತಗೊಂಡು ಹೋಗ್ರಿ."